ಕೆಮ್ಮಣ್ಣು, ಬೆಳಕು ಮತ್ತು ಡೋಪಮೀನಿನ ಲೆಕ್ಕ

ಬಾಳೆಹಣ್ಣು ತಂದಿಟ್ಟು ಮೂರ್ನಾಲ್ಕು ದಿನವಾದರೆ ಸಿಪ್ಪೆಯ ಮೇಲೆ ಚುಕ್ಕೆ ಬೀಳುತ್ತದೆ, ಆಮೇಲೆ ಪೂರ್ತಿ ಕಪ್ಪಾಗುತ್ತದೆ. ಆ ಕಪ್ಪಿಗೆ ಮುಖ್ಯ ಕಾರಣ ಡೋಪಮೀನ್. ಹೌದು, ರೀಲ್ಸ್ ನೋಡಿದರೆ ಏರುತ್ತದೆ, ಮೊಬೈಲು ಬದಿಗಿಟ್ಟರೆ ಇಳಿಯುತ್ತದೆ ಎಂದು ಯೂಟ್ಯೂಬ್ ಪಂಡಿತರು ಬೆಳಗಾದರೆ ಉಪದೇಶ ಮಾಡುವ ಅದೇ ಡೋಪಮೀನ್. ಬಾಳೆಯಲ್ಲಿ ನರಗಳಿಗೆ ಸಂಬಂಧಿಸಿದ ಇಂಥ ರಾಸಾಯನಿಕಗಳಿವೆ ಎಂದು ಅಮೆರಿಕದ ಸಂಶೋಧಕರು 1958ರಲ್ಲೇ ಬರೆದಿದ್ದರು. ತಿರುಳಿಗಿಂತ ಸಿಪ್ಪೆಯಲ್ಲಿ ಎಷ್ಟೋ ಪಟ್ಟು ಹೆಚ್ಚು. 2020ರ ಜನವರಿಯಲ್ಲಿ ನಮ್ಮ ಅನಂತಪುರ ಜಿಲ್ಲೆಯ ತಾಡಪತ್ರಿಯಿಂದ ಒಂದು ಇಡೀ ರೈಲು ಬಾಳೆಹಣ್ಣು ತುಂಬಿಕೊಂಡು ಮುಂಬೈ ಬಂದರಿಗೆ ಹೊರಟಿತ್ತು, ಅಲ್ಲಿಂದ ಹಡಗು ಹತ್ತಿ ಹೊರದೇಶಕ್ಕೆ. ಅದರ ಜತೆ ಕಿಲೋಗಟ್ಟಲೆ ಡೋಪಮೀನೂ ಹೋಯಿತು. ತಿಂದವರಿಗೆ ಅದರಿಂದ ಖುಷಿ ಹೆಚ್ಚಿತೆಂದು ಯಾರೂ ಭ್ರಮೆಪಡಬೇಕಿಲ್ಲ. ಹೊಟ್ಟೆಗೆ ಹೋದ ಡೋಪಮೀನ್ ಮಿದುಳು ತಲುಪುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆ ಅದನ್ನು ಒಳಗೆ ಬಿಡುವುದೇ ಇಲ್ಲ.

ಸಿಪ್ಪೆ ಕಪ್ಪಾಗುವಾಗ ನಡೆಯುವುದಿಷ್ಟು: ಡೋಪಮೀನ್ ಅಣು ತನ್ನ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಬಾಳೆಯಲ್ಲಿ ಅವನ್ನು ಕಿತ್ತುಕೊಳ್ಳುವುದು ಒಂದು ಕಿಣ್ವ ಮತ್ತು ಗಾಳಿಯಲ್ಲಿರುವ ಆಮ್ಲಜನಕ. ಎಲೆಕ್ಟ್ರಾನ್ ಕಳೆದುಕೊಂಡ ಅಣುಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಮೇಣದಂಥ ಪದಾರ್ಥವಾಗುತ್ತವೆ. ಕಿಣ್ವದ ಜಾಗದಲ್ಲಿ ನಾವೊಂದು ಎಲೆಕ್ಟ್ರೋಡ್ ಇಟ್ಟು ಆ ಎಲೆಕ್ಟ್ರಾನುಗಳನ್ನು ತಂತಿಯೊಳಗೆ ಹರಿಯಲು ಬಿಟ್ಟರೆ, ಹರಿದದ್ದು ವಿದ್ಯುತ್ತು. ಎಷ್ಟು ಹರಿಯಿತು ಎಂದು ಅಳೆದರೆ ಎಷ್ಟು ಡೋಪಮೀನ್ ಇತ್ತು ಎಂಬ ಲೆಕ್ಕ ಸಿಗುತ್ತದೆ. ವಿದ್ಯುದ್ರಾಸಾಯನಿಕ ಸೆನ್ಸರ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ ಕೂಡ ಇದೇ ವಂಶದ್ದು.

ಡೋಪಮೀನ್ ಅಳೆಯುವ ಹಂಬಲಕ್ಕೆ ಕಾರಣ ನಡುಕದ ಕಾಯಿಲೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಅದನ್ನು ವಿವರಿಸಿದ, ಕಾಯಿಲೆಗೆ ಅವನ ಹೆಸರೇ ನಿಂತಿತು. ನಮ್ಮ ಆಯುರ್ವೇದದವರು ಕಂಪವಾತ ಎನ್ನುತ್ತಾರೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ಡೋಪಮೀನ್ ಸ್ವತಃ ಮಿದುಳಿನ ಸಂದೇಶವಾಹಕ ಎಂದು ತೋರಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್, ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳುಗಳಲ್ಲಿ ಡೋಪಮೀನ್ ಬರಿದಾಗಿರುವುದನ್ನು ಕಂಡರು. ಡೋಪಮೀನನ್ನೇ ಕೊಟ್ಟರೆ ಮಿದುಳಿಗೆ ಹೋಗುವುದಿಲ್ಲವಲ್ಲ, ಅದಕ್ಕೆ ಅದರ ಹಿಂದಿನ ರೂಪವಾದ ಲೆವೊಡೋಪಾ ಕೊಡುವ ಉಪಾಯ ಹೊಳೆಯಿತು. ಇದು ಗೋಡೆ ದಾಟುತ್ತದೆ, ಒಳಗೆ ಹೋಗಿ ಡೋಪಮೀನ್ ಆಗುತ್ತದೆ. ಇಂದಿಗೂ ಪಾರ್ಕಿನ್ಸನ್ನಿಗೆ ಮೊದಲ ಔಷಧ ಅದೇ. ಈ ಲೆವೊಡೋಪಾ ಹೊಲದ ಬೇಲಿಯಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿದೆ ಎಂದು ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ಅನಂತಪುರ ಜಿಲ್ಲೆಯ ನಮ್ಮ ರಾಯದುರ್ಗವೂ ಆಗ ಮದ್ರಾಸ್ ಪ್ರಾಂತ್ಯದ್ದೇ, ಬಳ್ಳಾರಿ ಜಿಲ್ಲೆಯ ತಾಲೂಕು. ಅಲ್ಲಿ ನಸುಗುನ್ನಿ ಕಾಯಿ ಮುಟ್ಟಿ ಮೈಯೆಲ್ಲ ತುರಿಸಿಕೊಂಡ ದನಗಾಹಿ ಹುಡುಗರಿಗೆ ಅದರೊಳಗೆ ಇಂಥ ಮದ್ದಿದೆಯೆಂದು ಹೇಳಿದ್ದರೆ ಬೈದು ಕಳಿಸುತ್ತಿದ್ದರು.

ಎಲೆಕ್ಟ್ರೋಡ್ ಕಥೆಗೆ ಬರೋಣ. ಅಮೆರಿಕದ ಕನ್ಸಾಸ್‌ನಲ್ಲಿ ರಾಲ್ಫ್ ಆಡಮ್ಸ್ ಎಂಬ ರಸಾಯನವಿಜ್ಞಾನಿ 1958ರಲ್ಲಿ ಗ್ರಾಫೈಟ್ ಪುಡಿಗೆ ಎಣ್ಣೆಯಂಥ ದ್ರವ ಕಲಸಿ ಎಲೆಕ್ಟ್ರೋಡ್ ಮಾಡಿದರು. 1973ರ ಹೊತ್ತಿಗೆ ಅವರ ತಂಡ ಬದುಕಿರುವ ಇಲಿಯ ಮಿದುಳಿನೊಳಗೇ ಎಲೆಕ್ಟ್ರೋಡ್ ಇಳಿಸಿ ಅಳತೆ ಮಾಡಿತ್ತು. ಆಡಮ್ಸ್‌ರ ಆ ಕರಿ ಕಣಕ ಕರ್ನಾಟಕದಲ್ಲಿ ಒಂದು ನೆಲೆ ಕಂಡುಕೊಂಡದ್ದು ಭದ್ರಾವತಿ ಹತ್ತಿರದ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ಕೈಗಾರಿಕಾ ರಸಾಯನವಿಜ್ಞಾನ ವಿಭಾಗದಲ್ಲಿ. ಪ್ರೊ. ಬಿ.ಎಸ್. ಶೇರಿಗಾರ ಮತ್ತು ಪ್ರೊ. ಬಿ.ಇ. ಕುಮಾರಸ್ವಾಮಿ ಅವರ ಸುತ್ತ ಬೆಳೆದ ಗುಂಪು ಡೋಪಮೀನ್ ಪತ್ತೆಯ ಮೇಲೆ ಪ್ರಬಂಧಗಳ ಸಾಲನ್ನೇ ಪ್ರಕಟಿಸಿದೆ. ವಿಧಾನ ನೋಡಿದರೆ ಬೆರಗಾಗುತ್ತದೆ, ಅಷ್ಟು ಸರಳ. ನೂರಕ್ಕೆ ಎಪ್ಪತ್ತು ಪಾಲು ಗ್ರಾಫೈಟ್ ಪುಡಿ, ಮೂವತ್ತು ಪಾಲು ಸಿಲಿಕೋನ್ ಎಣ್ಣೆ. ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಕೈಯಿಂದಲೇ ಅರ್ಧ ಗಂಟೆಗೂ ಹೆಚ್ಚು ಅರೆಯಬೇಕು. ಅರೆದದ್ದನ್ನು ಟೆಫ್ಲಾನ್ ಕೊಳವೆಯ ತುದಿಯಲ್ಲಿರುವ ಮೂರು ಮಿಲಿಮೀಟರ್ ಅಗಲದ ಗುಣಿಗೆ ತುಂಬಿ, ಕಾಗದದ ಮೇಲೆ ತಿಕ್ಕಿ ನುಣುಪು ಮಾಡಬೇಕು. ಎಲೆಕ್ಟ್ರೋಡ್ ಸಿದ್ಧ. ಆ ಕಣಕಕ್ಕೆ ಚಿಟಿಕೆ ಲೋಹದ ಆಕ್ಸೈಡ್ ಬೆರೆಸಿದರೆ ಅದರ ಸೂಕ್ಷ್ಮತೆ ಹೆಚ್ಚುತ್ತದೆ. ತಾಮ್ರದ ಆಕ್ಸೈಡಿನ ನ್ಯಾನೋ ಕಣಗಳನ್ನು ಬಳಸಿದ ಅವರ 2012ರ ಡೋಪಮೀನ್ ಸೆನ್ಸರ್ ಪ್ರಬಂಧ ಈ ಕ್ಷೇತ್ರದವರಿಗೆಲ್ಲ ಪರಿಚಿತ.

ಇಂಥ ಲೋಹದ ಆಕ್ಸೈಡುಗಳು ಸೆರಾಮಿಕ್ ಜಾತಿಯವು. ಸೆರಾಮಿಕ್ ಎಂದಾಗ ನಮ್ಮ ಮನಸ್ಸಿಗೆ ಬರುವುದು ಪಿಂಗಾಣಿ ಕಪ್ಪು, ಬಚ್ಚಲಿನ ಟೈಲ್ಸು. ರಸಾಯನವಿಜ್ಞಾನಿಯ ಲೆಕ್ಕದಲ್ಲಿ ಲೋಹ ಮತ್ತು ಆಮ್ಲಜನಕ ಕೂಡಿ, ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಆಕ್ಸೈಡುಗಳೆಲ್ಲ ಸೆರಾಮಿಕ್ಕೇ. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿರುವ ಟೈಟೇನಿಯಂ ಡೈಆಕ್ಸೈಡ್ ಸೇರಿ.

ಕಷ್ಟ ಎಲ್ಲಿದೆಯೆಂದರೆ, ಡೋಪಮೀನ್ ಒಂದೇ ಇರುವುದಿಲ್ಲ. ಮನುಷ್ಯನ ರಕ್ತದ ದ್ರವಭಾಗದಲ್ಲಿ ಅದರ ಪ್ರಮಾಣ ಲೀಟರಿಗೆ ಒಂದು ನ್ಯಾನೋಮೋಲ್‌ಗಿಂತಲೂ ಕಡಿಮೆ. ಒಂದು ನ್ಯಾನೋಮೋಲ್ ಎಂದರೆ ಎಷ್ಟು? ಬೇಸಿಗೆಯಲ್ಲಿ ನಮ್ಮ ಬೀದಿಗಳಿಗೆ ಬರುವ ಐದು ಸಾವಿರ ಲೀಟರಿನ ನೀರಿನ ಟ್ಯಾಂಕರುಗಳಿವೆಯಲ್ಲ, ಅಂಥ ಸಾವಿರದ ಮುನ್ನೂರು ಟ್ಯಾಂಕರುಗಳಿಗೆ ಒಂದೇ ಒಂದು ಗ್ರಾಂ ಡೋಪಮೀನ್ ಕಲಸಿದಷ್ಟು. ಅದೇ ರಕ್ತದಲ್ಲಿ ವಿಟಮಿನ್ ಸಿ ಹತ್ತಾರು ಸಾವಿರ ಪಟ್ಟು ಹೆಚ್ಚಿರುತ್ತದೆ, ಯೂರಿಕ್ ಆಮ್ಲ ಲಕ್ಷಗಟ್ಟಲೆ ಪಟ್ಟು. ಸಾದಾ ಎಲೆಕ್ಟ್ರೋಡಿನ ಮೇಲೆ ಈ ಮೂರೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಬಂದ ವಿದ್ಯುತ್ತು ಯಾರದ್ದೆಂದು ಹೇಳುವುದು ಹೇಗೆ? ಇದರ ಮೇಲೆ, ವೋಲ್ಟೇಜ್ ಹಾಕಿದ ಕೂಡಲೇ ಡೋಪಮೀನ್ ಇರಲಿ ಬಿಡಲಿ ಎಲೆಕ್ಟ್ರೋಡ್ ತನ್ನಷ್ಟಕ್ಕೇ ಒಂದಿಷ್ಟು ವಿದ್ಯುತ್ತನ್ನು ಹೀರುತ್ತದೆ. ಸಣ್ಣ ಸಂಕೇತ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಬೆಳಕು ಬರುವುದು ಇಲ್ಲಿ. 1839ರಲ್ಲಿ ಎಡ್ಮಂಡ್ ಬೆಕ್ವೆರೆಲ್ ಎಂಬ ಹತ್ತೊಂಬತ್ತರ ಫ್ರೆಂಚ್ ಹುಡುಗ ದ್ರಾವಣದಲ್ಲಿ ಮುಳುಗಿಸಿದ ಎಲೆಕ್ಟ್ರೋಡಿನ ಮೇಲೆ ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುವುದನ್ನು ಗಮನಿಸಿದ. ನಮ್ಮ ಸೀಮೆಯ ಮಡಕಶಿರಾದ ಪಕ್ಕದ ಪಾವಗಡದಲ್ಲಿ ಇಂದು 2,050 ಮೆಗಾವಾಟ್ ಸೌರ ಪಾರ್ಕ್ ಹಬ್ಬಿರುವುದರ ಬೇರು ಅಲ್ಲಿದೆ. ಪಾವಗಡದ ಫಲಕಗಳಲ್ಲಿರುವುದು ಸಿಲಿಕಾನ್. ಆಕ್ಸೈಡುಗಳ ಕಡೆ ಜಗತ್ತಿನ ಕಣ್ಣು ತಿರುಗಿಸಿದ್ದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ. 1972ರಲ್ಲಿ ಅವರು ಟೈಟೇನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆಯಬಹುದೆಂದು ತೋರಿಸಿದರು.

ಹೀಗೆ ಊಹಿಸಿಕೊಳ್ಳಿ. ಒಂದು ಗಾಜಿನ ತುಂಡು. ಅದರ ಮೇಲೆ ಕಣ್ಣಿಗೆ ಕಾಣದ, ವಿದ್ಯುತ್ ಹರಿಯುವ ಲೇಪ. ಅದರ ಮೇಲೆ ಟೈಟೇನಿಯಂ ಡೈಆಕ್ಸೈಡಿನ ಬಿಳಿ ಪೇಸ್ಟ್ ಬಳಿದು ಸುಮಾರು 450 ಡಿಗ್ರಿಯ ಕುಲುಮೆಯಲ್ಲಿ ಸುಟ್ಟಿದ್ದಾರೆ. ಅದನ್ನು ಪರೀಕ್ಷೆಯ ದ್ರಾವಣದಲ್ಲಿ ಇಳಿಬಿಟ್ಟು ಕತ್ತಲಲ್ಲಿ ಇಟ್ಟರೆ ಮೀಟರಿನ ಗೆರೆ ನೆಲಕ್ಕಂಟಿ ಮಲಗಿರುತ್ತದೆ. ಎಲ್‌ಇಡಿ ಹೊತ್ತಿಸಿದರೆ ಗೆರೆ ಥಟ್ಟನೆ ಮೆಟ್ಟಿಲು ಹತ್ತಿ ನಿಲ್ಲುತ್ತದೆ, ಆರಿಸಿದರೆ ಇಳಿಯುತ್ತದೆ. ಬೆಳಕು ಆಕ್ಸೈಡಿನೊಳಗಿನ ಎಲೆಕ್ಟ್ರಾನನ್ನು ಮೇಲೆಬ್ಬಿಸಿದೆ, ಅದು ತಂತಿಗೆ ಓಡಿದೆ. ಅದು ಬಿಟ್ಟ ಖಾಲಿ ಜಾಗ ಇನ್ನೊಂದು ಎಲೆಕ್ಟ್ರಾನಿಗಾಗಿ ಬಾಯಿಬಿಟ್ಟುಕೊಂಡಿದೆ; ಹತ್ತಿರದಲ್ಲಿ ಡೋಪಮೀನ್ ಇದ್ದರೆ ಅದರಿಂದ ಕಿತ್ತುಕೊಳ್ಳುತ್ತದೆ. ಡೋಪಮೀನ್ ಹೆಚ್ಚಿದ್ದಷ್ಟೂ ಮೆಟ್ಟಿಲು ಎತ್ತರ. ಒಳಗೆ ಕೊಡುವುದು ಬೆಳಕು, ಹೊರಗೆ ಅಳೆಯುವುದು ವಿದ್ಯುತ್ತು; ಎರಡೂ ಬೇರೆ ಬೇರೆಯಾದ್ದರಿಂದ ಗದ್ದಲ ತಗ್ಗುತ್ತದೆ. ದ್ಯುತಿ-ವಿದ್ಯುದ್ರಾಸಾಯನಿಕ ಸೆನ್ಸರಿನ ಹೆಚ್ಚುಗಾರಿಕೆ ಇದೇ. ದುಬಾರಿ ಲೇಸರ್ ಬೇಡ, ಸಂತೆಯಲ್ಲಿ ಸಿಗುವಂಥ ಎಲ್‌ಇಡಿ ಸಾಕು.

ಆದರೆ ಟೈಟೇನಿಯಂ ಡೈಆಕ್ಸೈಡ್ ಬೆಳ್ಳಗಿದೆ. ಬೆಳ್ಳಗಿರುವುದೆಂದರೆ ಕಣ್ಣಿಗೆ ಕಾಣುವ ಬೆಳಕು ಯಾವುದನ್ನೂ ಅದು ನುಂಗುತ್ತಿಲ್ಲ. ಅದಕ್ಕೆ ಬೇಕಾದದ್ದು ನೇರಳಾತೀತ ಕಿರಣ, ಸೂರ್ಯನ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲು. ನೇರಳಾತೀತ ಕಿರಣ ಜೈವಿಕ ಅಣುಗಳಿಗೂ ಒಳ್ಳೆಯದಲ್ಲ. ಹಾಗಾಗಿ ಬಣ್ಣವುಳ್ಳ ಆಕ್ಸೈಡುಗಳ ಹುಡುಕಾಟ ನಡೆದಿದೆ: ಹಳದಿಯ ಬಿಸ್ಮತ್ ವನಾಡೇಟ್, ತಿಳಿ ಹಳದಿಯ ಟಂಗ್‌ಸ್ಟನ್ ಆಕ್ಸೈಡ್, ಮತ್ತು ಕೆಂಪು ಹೆಮಟೈಟ್.

ಹೆಮಟೈಟ್ ಎಂದರೆ ನಮ್ಮ ಕಬ್ಬಿಣದ ಅದಿರು. ರಾಯದುರ್ಗದಿಂದ ಬಳ್ಳಾರಿಗೆ ಹೋಗುವಾಗ ಡಿ. ಹಿರೇಹಾಳ್ ಮಂಡಲ ದಾಟಬೇಕು; ಓಬಳಾಪುರಂ ಆ ಮಂಡಲದ್ದೇ ಊರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ, ರಾಯದುರ್ಗ ಆಂಧ್ರಕ್ಕೆ ಎಂದು ಗೆರೆ ಎಳೆದಾಗ ಬೆಟ್ಟದ ಅದಿರು ಎರಡೂ ಕಡೆ ಉಳಿಯಿತು. ಆ ಧೂಳಿನ ಬಣ್ಣವೇ ಅದರ ಗುಣವನ್ನು ಹೇಳುತ್ತದೆ. ಕೆಂಪಾಗಿ ಕಾಣುತ್ತಿದೆಯೆಂದರೆ ನೀಲಿ, ಹಸಿರು ಬೆಳಕನ್ನು ಅದು ನುಂಗುತ್ತಿದೆ. ಸೂರ್ಯನ ಬೆಳಕಿನಲ್ಲಿ ಟೈಟೇನಿಯಂ ಬಿಟ್ಟುಬಿಡುವುದರಲ್ಲಿ ಒಂದು ದೊಡ್ಡ ಪಾಲು ಇದಕ್ಕೆ ಊಟ. ಪ್ರಯೋಗಾಲಯದವರು ಅದಿರನ್ನೇ ಅರೆದು ಬಳಿಯುವುದಿಲ್ಲ. ಶುದ್ಧ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಗಾಜನ್ನಿಟ್ಟು ಬಿಸಿ ಮಾಡುತ್ತಾರೆ. ಗಾಜಿನ ಮೇಲೆ ಮೊದಲು ಹಳದಿ ಪದರ ಕಟ್ಟುತ್ತದೆ. ಐನೂರು ಡಿಗ್ರಿ ದಾಟಿಸಿ ಸುಟ್ಟರೆ ಅದೇ ಪದರ ಇಟ್ಟಿಗೆ ಕೆಂಪಾಗಿ ಹೊರಬರುತ್ತದೆ. ಅಂಗಳದ ರಂಗೋಲಿಗೆ ಎಳೆಯುವ ಕೆಮ್ಮಣ್ಣಿನ ಅಂಚಿಗೂ ಇದಕ್ಕೂ ರಾಸಾಯನಿಕವಾಗಿ ನಂಟಿದೆ. ಡೋಪಮೀನ್ ಅಣುವಿನ ಒಂದು ತುದಿಯಲ್ಲಿ ಅಕ್ಕಪಕ್ಕ ಕೂತ ಎರಡು ಹೈಡ್ರಾಕ್ಸಿಲ್ ಗುಂಪುಗಳಿವೆ, ಅವು ಕಬ್ಬಿಣವನ್ನು ಕಂಡರೆ ಬಿಡದೆ ಹಿಡಿಯುತ್ತವೆ. ಹೆಮಟೈಟಿನ ಕೊರತೆ ಏನೆಂದರೆ ಬೆಳಕಿನಿಂದ ಹುಟ್ಟಿದ ಖಾಲಿ ಜಾಗಗಳು ಕೆಲವೇ ನ್ಯಾನೋಮೀಟರ್ ಸಾಗುವಷ್ಟರಲ್ಲಿ ಮತ್ತೆ ಎಲೆಕ್ಟ್ರಾನ್ ತುಂಬಿಕೊಂಡು ಇಲ್ಲವಾಗುತ್ತವೆ. ಅದಕ್ಕೇ ಪದರವನ್ನು ತೀರ ತೆಳ್ಳಗೆ, ಕಡ್ಡಿ ಕಡ್ಡಿಯಾಗಿ ಬೆಳೆಸುವ ಪಾಡು.

ಟೈಟೇನಿಯಂ ಡೈಆಕ್ಸೈಡಿನ ಜತೆಗೂ ಡೋಪಮೀನಿಗೆ ಇಂಥದ್ದೇ ಸಲಿಗೆಯಿದೆ, ಅದು ಇನ್ನೂ ಸ್ವಾರಸ್ಯಕರ. ಬಿಳಿ ಪದರಕ್ಕೆ ಡೋಪಮೀನ್ ಅಂಟಿಕೊಂಡ ಕೂಡಲೇ ಪದರದ ಬಣ್ಣ ಕಂದು ಕಿತ್ತಳೆಗೆ ತಿರುಗುತ್ತದೆ, ಅಷ್ಟು ಹೊತ್ತೂ ಬೇಡವೆನ್ನುತ್ತಿದ್ದ ನೀಲಿ ಬೆಳಕನ್ನು ಹೀರಲು ತೊಡಗುತ್ತದೆ. ಅಂದರೆ ಹುಡುಕುತ್ತಿರುವ ಅಣುವೇ ಬಂದು ಬೆಳಕಿನ ಬಾಗಿಲು ತೆರೆಯುತ್ತದೆ. ಬರದಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಗುರುತು ಹಿಡಿಯಲು ಇದಕ್ಕಿಂತ ಚೆಂದದ ವ್ಯವಸ್ಥೆ ಬೇಕೇ ಎನಿಸುವಷ್ಟರಲ್ಲಿ ತಕರಾರು ಬರುತ್ತದೆ: ವಿಟಮಿನ್ ಸಿಗೂ ಅಂಥದ್ದೇ ಹಿಡಿಕೆಯಿದೆ, ಅದೂ ಬಂದು ಅಂಟಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಮೇಲೆ ನೇಫಿಯಾನ್ ಎಂಬ ಪೊರೆ ಹೊದಿಸುತ್ತಾರೆ. ದೇಹದ ದ್ರವಗಳಲ್ಲಿ ಡೋಪಮೀನ್ ಧನ ವಿದ್ಯುದಂಶ ಹೊತ್ತಿರುತ್ತದೆ, ವಿಟಮಿನ್ ಸಿ ಋಣ. ಪೊರೆಯೂ ಋಣವಾದ್ದರಿಂದ ವಿಟಮಿನ್ ಸಿಯನ್ನು ದೂಡಿ ಡೋಪಮೀನನ್ನು ಒಳಬಿಡುತ್ತದೆ. ಪೂರ್ತಿ ಅಲ್ಲ, ತಕ್ಕಮಟ್ಟಿಗೆ.

ಬಾಳೆ ಸಿಪ್ಪೆಯ ಕಪ್ಪು ಎಲೆಕ್ಟ್ರೋಡನ್ನೂ ಬಿಡುವುದಿಲ್ಲ. ನಾಲ್ಕಾರು ಸಲ ಅಳೆಯುವಷ್ಟರಲ್ಲಿ ಅದೇ ಮೇಣ ಮೇಲ್ಮೈ ಮೇಲೆ ಕೂತು ಸಂಕೇತ ಕುಗ್ಗುತ್ತದೆ. ಕಾರ್ಬನ್ ಕಣಕವಾದರೆ ಕಾಗದಕ್ಕೆ ತಿಕ್ಕಿ ಹೊಸ ಮೈ ತೆಗೆಯಬೇಕು. ಟೈಟೇನಿಯಂ ಪದರಕ್ಕೆ ಆ ಉಪಚಾರ ಬೇಡ, ಸ್ವಲ್ಪ ಹೊತ್ತು ನೇರಳಾತೀತ ಬೆಳಕಿನಲ್ಲಿಟ್ಟರೆ ಮೇಲೆ ಕೂತ ಜೈವಿಕ ಕೊಳೆಯನ್ನು ತಾನೇ ಸುಟ್ಟುಕೊಳ್ಳುತ್ತದೆ.

ಇಷ್ಟೆಲ್ಲ ಓದಿದ ಮೇಲೆ "ಒಂದು ಹನಿ ರಕ್ತದಲ್ಲಿ ಪಾರ್ಕಿನ್ಸನ್ ಪತ್ತೆ" ಎಂಬ ತಲೆಬರಹ ಬರೆಯುವ ಆಸೆ ಯಾರಿಗಾದರೂ ಬಂದೀತು. ನಾನು ಬರೆಯುವುದಿಲ್ಲ. ರಕ್ತದ ಡೋಪಮೀನನ್ನು ತಡೆಗೋಡೆ ಮಿದುಳಿನೊಳಗೆ ಬಿಡುವುದಿಲ್ಲ ಎಂದೆನಲ್ಲ, ಅದು ಎರಡೂ ಕಡೆಗೆ ಗೋಡೆ. ರಕ್ತದಲ್ಲಿ ತೇಲುವ ಡೋಪಮೀನ್ ದೇಹದ ಬೇರೆ ಕಡೆಗಳಿಂದ ಬಂದದ್ದು. ಅದನ್ನು ಎಷ್ಟೇ ಕರಾರುವಾಕ್ಕಾಗಿ ಅಳೆದರೂ ಮಿದುಳಿನ ಆಳದ ಕಪ್ಪು ಚುಕ್ಕೆಯಷ್ಟು ಜಾಗದಲ್ಲಿ ಏನಾಗಿದೆ ಎಂದು ಹೇಳಲಾಗದು. ಮಡಕಶಿರಾದಿಂದ ಬಸ್ಸು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೆ ಅಲ್ಲಿಯ ನರವೈದ್ಯರು ಇವತ್ತಿಗೂ ಪಾರ್ಕಿನ್ಸನ್ ಗುರುತಿಸುವುದು ಮುಖ್ಯವಾಗಿ ಕಣ್ಣಿನಿಂದ. ಹೆಬ್ಬೆರಳು ತೋರುಬೆರಳು ಬೇಗ ಬೇಗ ತಟ್ಟಿಸುತ್ತಾರೆ, ನಡೆಸಿ ನೋಡುತ್ತಾರೆ, ಮಣಿಕಟ್ಟು ಬಾಗಿಸಿ ಬಿಗಿತ ನೋಡುತ್ತಾರೆ, ಒಂದು ಸಾಲು ಬರೆಸುತ್ತಾರೆ. ಅಕ್ಷರ ಬರುಬರುತ್ತಾ ಸಣ್ಣದಾಗುವುದು ಈ ಕಾಯಿಲೆಯ ಒಂದು ಲಕ್ಷಣ.

ಪ್ರಬಂಧಗಳಲ್ಲಿ "ನಿಜವಾದ ಮಾದರಿಯಲ್ಲಿ ಪರೀಕ್ಷೆ" ಎಂಬ ಭಾಗ ಬರುತ್ತದೆ. ಜಗತ್ತಿನ ಬಹುತೇಕ ತಂಡಗಳು ಅಲ್ಲಿ ಮಾಡುವುದೇನೆಂದರೆ, ಐಸಿಯುನಲ್ಲಿ ರಕ್ತದೊತ್ತಡ ಏರಿಸಲು ಕೊಡುವ ಡೋಪಮೀನ್ ಇಂಜೆಕ್ಷನ್ನಿನ ಆಂಪೂಲ್ ತಂದು ನೀರು ಬೆರೆಸಿ ಅಳೆಯುವುದು, ಇಲ್ಲವೇ ರಕ್ತಕ್ಕೆ ತಾವೇ ಡೋಪಮೀನ್ ಸುರಿದು ಸುರಿದಷ್ಟೂ ಸಿಕ್ಕಿತು ಎಂದು ತೋರಿಸುವುದು. ಐದು ಮಿಲಿಲೀಟರ್ ಆಂಪೂಲಿನಲ್ಲಿ 200 ಮಿಲಿಗ್ರಾಂ ಇರುತ್ತದೆ. ಅದನ್ನು ಕಂಡುಹಿಡಿಯುವುದು ಸಾಹಸವಲ್ಲ. ಸೆನ್ಸರ್ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಸಾಕ್ಷಿ, ರೋಗಿಗೆ ಉಪಯೋಗ ಎಂಬುದಕ್ಕಲ್ಲ.

ಉಪಯೋಗ ಇಲ್ಲವೇ ಇಲ್ಲ ಎಂದೂ ಅಲ್ಲ. ಮೂತ್ರಪಿಂಡದ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ಕೆಲವೊಮ್ಮೆ ಒಂದು ಗಂಟು ಬೆಳೆದು ರಕ್ತದೊತ್ತಡ ಹುಚ್ಚೆದ್ದು ಏರುತ್ತದೆ. ಅದನ್ನು ಪತ್ತೆ ಮಾಡಲು ಇಪ್ಪತ್ತನಾಲ್ಕು ಗಂಟೆಯ ಮೂತ್ರ ಹಿಡಿದು ಅದರಲ್ಲಿ ಡೋಪಮೀನ್ ಮತ್ತು ಅದರ ಬಂಧುಗಳನ್ನು, ಅವುಗಳಿಂದ ಹುಟ್ಟುವ ಪದಾರ್ಥಗಳನ್ನು ಅಳೆಯುತ್ತಾರೆ. ಸಣ್ಣ ಊರಿನ ಲ್ಯಾಬಿನವರು ಮಾದರಿಯನ್ನು ದೊಡ್ಡ ನಗರಕ್ಕೆ ಕಳಿಸಬೇಕು. ಇಂಥ ಪರೀಕ್ಷೆಗಳ ಮುಂಚೆ ಬಾಳೆಹಣ್ಣು ತಿನ್ನಬೇಡಿ ಎಂದು ಹೇಳುವುದೂ ಉಂಟು, ಕಾರಣ ಈಗ ನಿಮಗೆ ಗೊತ್ತು.

ನನ್ನ ಆಸೆ ಇರುವುದು ಲೆವೊಡೋಪಾ ಮೇಲೆ. ಪಾರ್ಕಿನ್ಸನ್ ಆದವರು ಸಿಂಡೋಪಾದಂಥ ಮಾತ್ರೆ ನುಂಗಿದ ಮೇಲೆ ರಕ್ತದಲ್ಲಿ ಅದರ ಪ್ರಮಾಣ ಏರಿ, ಒಂದೂವರೆ ಗಂಟೆಗೊಮ್ಮೆ ಅರ್ಧ ಅರ್ಧವಾಗುತ್ತ ಇಳಿಯುತ್ತದೆ. ಕಾಯಿಲೆ ಹಳೆಯದಾದಂತೆ ಮಾತ್ರೆಯ ಬಲವಿದ್ದಾಗ ನಡೆದಾಡುವ ಮನುಷ್ಯ ಬಲ ಇಳಿದಾಗ ಕುರ್ಚಿಯಲ್ಲೇ ಕೀಲಿಸಿದಂತೆ ಕೂತುಬಿಡುತ್ತಾನೆ. ಕಾಳಿನ ಸಾರು, ಮೊಟ್ಟೆ, ಮಾಂಸ ಗಟ್ಟಿಯಾಗಿ ಉಂಡಾಗ ಅದರ ಪ್ರೋಟೀನು ಲೆವೊಡೋಪಾಕ್ಕೆ ಅಡ್ಡ ಬರುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿ ಎಂದು ವೈದ್ಯರು ಹೇಳುವುದು ಅದಕ್ಕೇ. ಪ್ರತಿಯೊಬ್ಬರ ಏರಿಳಿತ ಬೇರೆ. ಜೀನ್ಸ್ ಹೊಲಿಯುವ ರಾಯದುರ್ಗದ ಟೈಲರಿಗೆ ಯಾವ ಹೊತ್ತಿನಲ್ಲಿ ಕೈ ನಿಲ್ಲುತ್ತದೆ, ಯಾವ ಹೊತ್ತಿನಲ್ಲಿ ಇಲ್ಲ ಎಂಬುದೇ ದಿನದ ಕೂಲಿ. ಅವನಿಗೆ ಬೇಕಾದದ್ದು ಕಾಯಿಲೆ ಇದೆಯೋ ಇಲ್ಲವೋ ಎನ್ನುವ ಪರೀಕ್ಷೆಯಲ್ಲ, ಅದು ಅವನಿಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ ನುಂಗಿದ ಮಾತ್ರೆ ಹತ್ತಕ್ಕೆ ಎಷ್ಟು ಉಳಿದಿದೆ ಎಂಬುದು ಬೇಕು.

ಇದು ಸುಲಭವೂ ಹೌದು. ಮಾತ್ರೆಯ ನಂತರ ರಕ್ತದಲ್ಲಿ ಲೆವೊಡೋಪಾ ಇರುವುದು ಮೈಕ್ರೋಮೋಲ್ ಲೆಕ್ಕದಲ್ಲಿ, ಡೋಪಮೀನಿಗಿಂತ ಸಾವಿರಾರು ಪಟ್ಟು. ಈಗಿರುವ ಸೆನ್ಸರುಗಳ ಸೂಕ್ಷ್ಮತೆಯೇ ಬೇಕಾದಷ್ಟಾಯಿತು. ಡೋಪಮೀನಿಗಿರುವ ಅದೇ ಎರಡು ಹೈಡ್ರಾಕ್ಸಿಲ್ ಹಿಡಿಕೆ ಇದಕ್ಕೂ ಇದೆ, ಆಕ್ಸೈಡಿಗೆ ಹಾಗೆಯೇ ಅಂಟುತ್ತದೆ. ನೇಫಿಯಾನ್ ಪೊರೆಯ ಉಪಾಯ ಮಾತ್ರ ನಡೆಯದು. ಲೆವೊಡೋಪಾದಲ್ಲಿ ಧನ, ಋಣ ಎರಡೂ ಇರುವುದರಿಂದ ಬೇರೆ ಪೊರೆ ಬೇಕು. 2019ರಲ್ಲಿ ಬರ್ಕ್ಲಿಯ ಅಲಿ ಜಾವೆ ಅವರ ತಂಡ ಲೆವೊಡೋಪಾ ಇರುವ ಫಾವಾ ಅವರೆಯನ್ನು ಜನರಿಗೆ ತಿನ್ನಿಸಿ, ಮೈಗೆ ಕಟ್ಟುವ ಪಟ್ಟಿಯಿಂದ ಬೆವರಿನಲ್ಲಿ ಅದರ ಏರಿಳಿತ ಹಿಡಿದು ತೋರಿಸಿತು. ಅವರು ಬಳಸಿದ್ದು ಬೆಳಕನ್ನಲ್ಲ, ಕಿಣ್ವವನ್ನು. ಕಿಣ್ವಕ್ಕೆ ಸೆಕೆ ಆಗದು. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ, ಕರೆಂಟು ಹೋದರೆ ಫ್ರಿಜ್ಜೂ ಬಿಸಿಯಾಗುವ ಊರಿನಲ್ಲಿ ಅಂಥ ಪಟ್ಟಿಯನ್ನು ಎಷ್ಟು ತಿಂಗಳು ಇಟ್ಟುಕೊಳ್ಳಬಹುದು? ಐನೂರು ಡಿಗ್ರಿಯಲ್ಲಿ ಬೆಂದು ಬಂದ ಕೆಂಪು ಪದರಕ್ಕೆ ರಾಯದುರ್ಗದ ಬೇಸಿಗೆ ಏನೂ ಅಲ್ಲ. ನಮ್ಮಂಥ ಸೀಮೆಗೆ ಸೆರಾಮಿಕ್ ಸೆನ್ಸರ್ ಬೇಕು ಎನ್ನಲು ನನ್ನ ಮಟ್ಟಿಗೆ ಇದೇ ಮೊದಲ ಕಾರಣ, ಬೆಳಕಿನ ಚಮತ್ಕಾರ ಎರಡನೆಯದು.

ಇನ್ನು ಬಿಡಿಸಬೇಕಾದ ಗಂಟುಗಳು ಬೆವರಿನವು. ಹೆಚ್ಚು ಬೆವರಿದರೆ ಅದರೊಳಗಿನ ಪ್ರಮಾಣ ಬದಲಾಗುತ್ತದೆ, ಬೆವರಿಗೂ ರಕ್ತಕ್ಕೂ ಲೆಕ್ಕ ಹೊಂದಿಸಬೇಕು, ಅದನ್ನು ಮಾತ್ರೆ ನುಂಗುವ ಜನರ ಮೇಲೆಯೇ ತಿಂಗಳುಗಟ್ಟಲೆ ನೋಡಬೇಕು. ಶಂಕರಘಟ್ಟದವರೋ ಬೆಂಗಳೂರಿನವರೋ ಅನಂತಪುರದ ಕೃಷ್ಣದೇವರಾಯ ವಿಶ್ವವಿದ್ಯಾಲಯದವರೋ ಯಾರಾದರೂ ಈ ಕೆಲಸಕ್ಕೆ ಇಳಿದರೆ ಒಂದು ಮಾತು ಕೊಡಬಲ್ಲೆ: ಮಾರ್ಚಿನಿಂದ ಜೂನ್‌ವರೆಗೆ ನಮ್ಮೂರಿಗೆ ಬನ್ನಿ, ಮಾದರಿಗೆ ಬೇಕಾದಷ್ಟು ಬೆವರು ಸಿಗುತ್ತದೆ.